4–5ನೇ ತರಗತಿಗೆ ಖೋ ಖೋ ಕಲಿಸೋದು: ನಡುಗೆರೆ ದಾಟೋದು ನಿಲ್ತಿಲ್ಲ, ಎಲ್ಲಿಂದ ಶುರು ಮಾಡಬೇಕು?

ನಲಿಕಲಿ_ಟೀಚರ್:

ಎಲ್ಲರಿಗೂ ನಮಸ್ಕಾರ. ನಮ್ಮದು ಕಿರಿಯ ಪ್ರಾಥಮಿಕ ಶಾಲೆ. ದೈಹಿಕ ಶಿಕ್ಷಣ ಶಿಕ್ಷಕರ ಹುದ್ದೆ ಇಲ್ಲ, ಆಟದ ಪಿರಿಯಡ್ಡನ್ನೂ ತರಗತಿ ಶಿಕ್ಷಕರೇ ತೆಗೆದುಕೊಳ್ಳಬೇಕು. 4 ಮತ್ತು 5 ಸೇರಿ 42 ಮಕ್ಕಳು, ವಾರಕ್ಕೆ 2 ಪಿರಿಯಡ್, ಒಂದೊಂದು 40 ನಿಮಿಷ. ಅಂಗಳ ಸುಮಾರು 30 ಮೀಟರ್ ಉದ್ದ, 20 ಮೀಟರ್ ಅಗಲ, ಮಣ್ಣಿನ ನೆಲ. ಕಂಬ ಇಲ್ಲ, ಒಂದು ಸೀಟಿ ಇದೆ.

ಎಂಟು ಮಕ್ಕಳನ್ನು ಕೂರಿಸಿ, ನಿಯಮ ಹೇಳಿ, ಆಟ ಶುರು ಮಾಡಿಸಿದ್ದಾಯ್ತು. ಆಗುತ್ತಿರುವುದು ಇಷ್ಟು:

- ಅಟ್ಟಿಸಿಕೊಂಡು ಹೋಗುವವರು ನಡುಗೆರೆ ದಾಟಿಬಿಡುತ್ತಾರೆ. ಸೀಟಿ ಊದಿದರೆ ನಿಲ್ಲುತ್ತಾರೆ, ಮುಂದಿನ ಸಲ ಮತ್ತೆ ಅದೇ.
- ಎದುರಿಗೆ ಮುಖ ಮಾಡಿ ಕೂತವರಿಗೇ ಖೋ ಕೊಡುತ್ತಾರೆ.
- ಖೋ ಸಿಕ್ಕವರು ಎದ್ದು ನಿಂತು, ಆಕಡೆ ಈಕಡೆ ನೋಡಿ, ಆಮೇಲೆ ಓಡುತ್ತಾರೆ.
- ಮೂರು ಚುರುಕು ಮಕ್ಕಳು ಆಡುತ್ತಾರೆ, ಉಳಿದವರು ಗೋಡೆ ಪಕ್ಕ ಮಣ್ಣಾಡುತ್ತಾ ಕೂರುತ್ತಾರೆ.

ಯಾವುದನ್ನು ಮೊದಲು ಕಲಿಸಬೇಕು, ಎಷ್ಟು ಪಿರಿಯಡ್ ಹಿಡಿಯುತ್ತದೆ, ಕಂಬ ಈಗಲೇ ಬೇಕಾ? ತಿಳಿದವರು ಹೇಳಿ.

ಸೀಟಿ_ಮೇಷ್ಟ್ರು:

ಮೇಡಂ, ನಿಮ್ಮ ಮೊದಲ ಮೂರೂ ತೊಂದರೆಗೆ ಮೂಲ ಒಂದೇ. ಖೋ ಯಾಕೆ ಬೇಕು ಅನ್ನೋದು ಮಕ್ಕಳಿಗೆ ಗೊತ್ತಿಲ್ಲ. ಹಿಡಿಯಬೇಕಾದವನು ಎರಡು ಹೆಜ್ಜೆ ಆಚೆ ಕಾಣುತ್ತಿದ್ದರೆ ಒಂಬತ್ತು ವರ್ಷದ ಮಗು ಗೆರೆ ದಾಟಿಯೇ ದಾಟುತ್ತದೆ. ಬೈದು ಪ್ರಯೋಜನವಿಲ್ಲ. ಕೂರುವವರನ್ನೇ ತೆಗೆದುಹಾಕಿ ಶುರು ಮಾಡಿ.

ನೆಲದ ಮೇಲೆ 14 ಮೀಟರ್ ಉದ್ದ, 30 ಸೆಂ.ಮೀ. ಅಗಲದ ಪಟ್ಟಿ ಎಳೆಯಿರಿ. ಎರಡು ತುದಿಗೆ ಕಂಬದ ಬದಲು ಮಕ್ಕಳ ಚಪ್ಪಲಿ ರಾಶಿ ಸಾಕು. ಪಟ್ಟಿಗೆ ‘ಕೆರೆ’ ಅನ್ನಿ, ಕೆರೆ-ದಡ ಆಡದ ಮಕ್ಕಳಿಲ್ಲ. ಇಬ್ಬರೇ ಆಡಲಿ. ಓಡುವವಳು ಕೆರೆಯನ್ನು ಎಲ್ಲಿ ಬೇಕಾದರೂ ಹಾರಬಹುದು. ಹಿಡಿಯುವವನು ಹಾರುವಂತಿಲ್ಲ, ಚಪ್ಪಲಿ ರಾಶಿ ಸುತ್ತಿಕೊಂಡೇ ಆಚೆ ಹೋಗಬೇಕು. 30 ಸೆಕೆಂಡ್ ಬಿಡಿ. ಹಿಡಿಯಲು ಆಗುವುದೇ ಇಲ್ಲ. ‘ಟೀಚರ್ ಇದು ಮೋಸ, ಆಚೆ ಕಡೆ ಒಬ್ಬರು ಬೇಕು’ ಅಂತ ಮಕ್ಕಳೇ ಕೂಗುತ್ತಾರೆ. ಆಗ ಪಟ್ಟಿಯ ಮಧ್ಯೆ ಒಬ್ಬರನ್ನು ಓಡುವವಳ ಕಡೆ ಮುಖ ಮಾಡಿಸಿ ಕೂರಿಸಿ, ಹಿಂದಿನಿಂದ ಬೆನ್ನು ಮುಟ್ಟಿ ‘ಖೋ’ ಅನ್ನಿಸಿ. ಖೋ ಅಂದರೇನು ಅಂತ ಆಮೇಲೆ ಭಾಷಣ ಮಾಡಬೇಕಾಗಿಲ್ಲ.

ಅಂಕಣ ಚಿಕ್ಕದಿರಲಿ. ದೊಡ್ಡವರ ಅಂಕಣ 27 × 16 ಮೀಟರ್, ಅದು ಈ ವಯಸ್ಸಿಗೆ ಬಯಲು ಸೀಮೆ ಆಯ್ತು. ನಿಮ್ಮ ಅಂಗಳದಲ್ಲಿ 14 × 7 ಮೀಟರಿನ ಮೂರು ಅಂಕಣ ಪಕ್ಕಪಕ್ಕ ಹಿಡಿಯುತ್ತವೆ. ಅಂಕಣದ 14 ಮೀಟರನ್ನು ಅಂಗಳದ 20 ಮೀಟರ್ ಕಡೆಗೆ ಹಾಕಿ. ಕಂಬದ ಆಚೆ ತಿರುಗಲು ಎರಡೂ ಕಡೆ 1.5 ಮೀಟರ್ ಬಿಟ್ಟರೂ 17 ಆಯ್ತು, ಗೋಡೆಗೆ ಮತ್ತೆ ಒಂದೂವರೆ ಮೀಟರ್ ಉಳಿಯುತ್ತದೆ. ಅಗಲಕ್ಕೆ ಏಳೇಳು ಮೀಟರಿನ ಮೂರು, ನಡುವೆ ಮೂರು ಮೂರು ಮೀಟರ್ ಜಾಗ, ಒಟ್ಟು 27. ಆ ನಡುವಿನ ಜಾಗ ಕಡಿಮೆ ಮಾಡಬೇಡಿ, ಪಕ್ಕದ ಅಂಕಣದವರು ಡಿಕ್ಕಿ ಹೊಡೆಯುವುದು ಅಲ್ಲೇ.

ಒಂದೊಂದು ಅಂಕಣದಲ್ಲಿ, ಪಟ್ಟಿಯ ಮೇಲೆ ಹಿಡಿಯುವ ತಂಡದವರು ಕೂರಲು 6 ಚೌಕ: ತುದಿಯಿಂದ 2 ಮೀಟರಿಗೆ ಮೊದಲನೆಯದು, ಆಮೇಲೆ ಎರಡೆರಡು ಮೀಟರಿಗೆ ಒಂದೊಂದು. ಅಕ್ಕಪಕ್ಕದವರು ಒಬ್ಬರು ಎಡಕ್ಕೆ, ಒಬ್ಬರು ಬಲಕ್ಕೆ ಮುಖ ಮಾಡಿ ಕೂರುವುದರಿಂದ ಚೌಕಗಳ ಸಂಖ್ಯೆ ಸಮ ಇರಬೇಕು, ಬೆಸ ಮಾಡಿದರೆ ಒಂದು ಬದಿಗೆ ಖೋ ಕೊಡಲು ಸಿಗುವವರು ಕಡಿಮೆಯಾಗುತ್ತಾರೆ. 42 ಮಕ್ಕಳೆಂದರೆ ಅಂಕಣಕ್ಕೆ 14, ಅಂದರೆ 7 ಮಂದಿಯ ಎರಡು ತಂಡ. ಹಿಡಿಯುವ ತಂಡದಲ್ಲಿ ಆರು ಜನ ಕೂರುತ್ತಾರೆ, ಒಬ್ಬರು ಓಡುತ್ತಾರೆ. ಎದುರು ತಂಡ 2, 2, 3 ಹೀಗೆ ಇಳಿಯುತ್ತದೆ, ಒಂದೊಂದು ಗುಂಪಿಗೆ ಒಂದು ನಿಮಿಷ. ಸರದಿ ಕಾಯುವವರಿಗೆ ಕೆಲಸ ಕೊಡಿ: ಇಬ್ಬರು ಎರಡು ತುದಿಯಲ್ಲಿ ಪಟ್ಟಿಯ ನೇರಕ್ಕೆ ನಿಂತು ‘ಕೆರೆಗೆ ಬಿದ್ದ’ ಅಂತ ಕೂಗಲಿ, ಒಬ್ಬರು ಔಟ್ ಎಣಿಸಲಿ. ಪಕ್ಕದಲ್ಲಿ ನಿಂತರೆ ಗೆರೆ ತುಳಿದದ್ದು ಕಾಣುವುದಿಲ್ಲ, ತುದಿಯಲ್ಲೇ ನಿಲ್ಲಬೇಕು.

ಎಂಟು ಪಿರಿಯಡ್ ಇಟ್ಟುಕೊಳ್ಳಿ. ಮೊದಲ ಎರಡು ಕೆರೆಯ ಮುಟ್ಟಾಟ ಮತ್ತು ‘ಟೋಪಿ ಬೇಕಾ ಟೋಪಿ’. ಟೋಪಿ ಆಟವನ್ನು ಸುಮ್ಮನೆ ಹೇಳುತ್ತಿಲ್ಲ, ಬೆನ್ನ ಹಿಂದಿನ ಸುಳಿವಿಗೆ ತಟ್ಟನೆ ಏಳುವ ಅಭ್ಯಾಸ ಅದರಲ್ಲೇ ಇದೆ. ಮೂರು, ನಾಲ್ಕರಲ್ಲಿ ಕೂರುವುದು, ಏಳುವುದು, ಖೋ ಕೊಡುವುದು. ಓಡುವ ತಂಡ ಬೇಡ. ಐದು, ಆರರಲ್ಲಿ ಒಬ್ಬರೇ ಓಡುವವರು. ಏಳು, ಎಂಟರಲ್ಲಿ ಪೂರ್ತಿ ಆಟ. ‘ಹೊರಟ ದಿಕ್ಕಿಗೇ ಹೋಗಬೇಕು, ವಾಪಸ್ ತಿರುಗುವಂತಿಲ್ಲ’ ಅನ್ನುವ ನಿಯಮವನ್ನು ಐದನೇ ಪಿರಿಯಡ್ ತನಕ ಎತ್ತಲೇಬೇಡಿ.

ಎಂಟು_ಚೌಕ:

ಮೇಷ್ಟ್ರು ಅಂಕಣದ ಲೆಕ್ಕ ಹೇಳಿದ್ದಾರೆ, ನಾನು ಕೂರುವುದು ಮತ್ತು ಏಳುವುದರ ಬಗ್ಗೆ ಬರೆಯುತ್ತೇನೆ. ಶಾಲೆಗಳಲ್ಲಿ ಇದಕ್ಕೆ ಐದು ನಿಮಿಷವೂ ಕೊಡುವುದಿಲ್ಲ, ಆಟ ಕೆಡುವುದು ಇಲ್ಲೇ.

ನಮ್ಮ ಮಕ್ಕಳು ಮನೆಯಲ್ಲಿ ಕುಕ್ಕರುಗಾಲಲ್ಲಿ ಕೂತು ರೂಢಿ. ಪಾದ ಪೂರ್ತಿ ನೆಲಕ್ಕೆ, ಕುಂಡಿ ಹಿಮ್ಮಡಿ ಹತ್ತಿರ, ಭಾರವೆಲ್ಲ ಹಿಂದಕ್ಕೆ. ಹಾಗೆ ಕೂತವರು ನೇರ ಮೇಲಕ್ಕೆ ಮಾತ್ರ ಏಳಬಲ್ಲರು, ಮುಂದಕ್ಕೆ ಚಿಮ್ಮಲು ಆಗುವುದಿಲ್ಲ. ನಿಮ್ಮ ಮಕ್ಕಳು ‘ಎದ್ದು ನಿಂತು ಆಮೇಲೆ ಓಡುವುದಕ್ಕೆ’ ಇದೇ ಕಾರಣ, ಸೋಮಾರಿತನ ಅಲ್ಲ.

ಸರಿಯಾದ ಭಂಗಿ: ಎರಡೂ ಪಾದ ಚೌಕದೊಳಗೆ, ಬೆರಳ ತುದಿಗಾಲಲ್ಲಿ, ಹಿಮ್ಮಡಿ ಮೇಲೆ. ಕುಂಡಿ ಹಿಮ್ಮಡಿಗೆ ತಗುಲದಂತೆ ಸ್ವಲ್ಪ ಎತ್ತಿ. ಎರಡೂ ಕೈಬೆರಳು ಮೊಣಕಾಲಿನ ಮುಂದೆ, ಭುಜದಗಲಕ್ಕೆ ನೆಲ ಮುಟ್ಟಿರಲಿ, ಸ್ವಲ್ಪ ಭಾರ ಬೆರಳ ಮೇಲೆ ಬರಲಿ. ಪರೀಕ್ಷೆ ಸುಲಭ. ಹಿಮ್ಮಡಿ ಕೆಳಗೆ ಒಂದು ಒಣ ಎಲೆ ಇಟ್ಟು ಎಳೆಯಿರಿ. ಸಲೀಸಾಗಿ ಬಂದರೆ ಸರಿ, ಹರಿದರೆ ಮತ್ತೆ ಕೂರಿಸಿ. ಮಕ್ಕಳೇ ಜೋಡಿಯಾಗಿ ಒಬ್ಬರನ್ನೊಬ್ಬರು ಪರೀಕ್ಷಿಸಲಿ.

ಎರಡು ವಿಧಾನ ಇವೆ. ಬುಲೆಟ್ ಟೋ ಅಂದರೆ ಓಟದ ಸ್ಟಾರ್ಟಿನ ಹಾಗೆ ಒಂದು ಪಾದ ಮುಂದೆ, ಇನ್ನೊಂದರ ಬೆರಳು ಅದರ ಹಿಮ್ಮಡಿಯ ನೇರಕ್ಕೆ. ಪ್ಯಾರಲಲ್ ಟೋ ಅಂದರೆ ಎರಡೂ ಪಾದದ ಬೆರಳು ಒಂದೇ ಸಾಲಿನಲ್ಲಿ. ಮೊದಲನೆಯದರಲ್ಲಿ ಚಿಮ್ಮುವ ವೇಗ ಹೆಚ್ಚು. ಎರಡನೆಯದರಲ್ಲಿ ಎಡಕ್ಕೂ ಬಲಕ್ಕೂ ಒಂದೇ ಸುಲಭದಲ್ಲಿ ತಿರುಗಬಹುದು. 4–5ನೇ ತರಗತಿಗೆ ಪ್ಯಾರಲಲ್ ಸಾಕು. ಬುಲೆಟ್ ಟೋನಲ್ಲಿ ಈ ವಯಸ್ಸಿನವರು ಯಾವ ಕಾಲು ಮುಂದಿಟ್ಟಿದ್ದಾರೋ ಆ ಬದಿಗೇ ಓಡುತ್ತಾರೆ, ಓಡುವವರು ಎಲ್ಲಿದ್ದಾರೆ ಅಂತ ನೋಡುವುದೇ ಇಲ್ಲ. ತುಂಬ ಹೊತ್ತು ತುದಿಗಾಲಲ್ಲಿ ಕೂರಿಸಬೇಡಿ, ಒಂದು ನಿಮಿಷಕ್ಕೇ ಮೀನಖಂಡ ಬಿಗಿಯುತ್ತದೆ. ಗುಂಪು ಬದಲಾದಾಗಲೆಲ್ಲ ಎಬ್ಬಿಸಿ ಕಾಲು ಜಾಡಿಸಲಿ.

ಏಳುವಾಗ: ಬಲಕ್ಕೆ ಹೋಗಬೇಕಾದರೆ ಬಲಗಾಲು ಮೊದಲು, ಎಡಕ್ಕಾದರೆ ಎಡಗಾಲು. ಎದುರು ಕಾಲನ್ನು ಅಡ್ಡ ಹಾಕಿದರೆ ತೊಡರಿ ಬೀಳುತ್ತಾರೆ. ಮೊದಲ ಎರಡು ಹೆಜ್ಜೆ ಬಗ್ಗಿಯೇ ಇರಲಿ. ಇದಕ್ಕೆ ಒಂದು ಉಪಾಯ: ಚೌಕದಿಂದ ಒಂದು ಮೀಟರ್ ಮುಂದೆ, ನಿಂತ ಮಗುವಿನ ಭುಜದ ಎತ್ತರಕ್ಕೆ ಹತ್ತಿಯ ನೂಲನ್ನು ಇಬ್ಬರು ಬೆರಳ ತುದಿಯಲ್ಲಿ ಹಿಡಿದು ನಿಲ್ಲಲಿ, ತಗುಲಿದರೆ ಕೈ ಬಿಡಲಿ. ನೂಲಿನ ಕೆಳಗೆ ನುಗ್ಗಿ ಹೊರಡಬೇಕು. ಹಗ್ಗ, ಕೋಲು ಬೇಡ.

ಖೋ ಕೊಡುವುದಕ್ಕೆ ಮಕ್ಕಳ ಬಾಯಲ್ಲಿ ನಿಲ್ಲುವ ಮಾತು ಒಂದು ಬೇಕು: ‘ಬೆನ್ನು ಕಂಡರೆ ಖೋ, ಮುಖ ಕಂಡರೆ ಓಡು.’ ತಾನಿರುವ ಬದಿಗೆ ಬೆನ್ನು ಹಾಕಿ ಕೂತವರಿಗೆ ಮಾತ್ರ ಖೋ, ನಿಯಮವೂ ಅಷ್ಟೇ. ಅಂಗೈ ಬಿಚ್ಚಿ, ಬೆನ್ನಿನ ನಡುಭಾಗ ಮುಟ್ಟಬೇಕು. ತಲೆ, ಕುತ್ತಿಗೆ ಬೇಡ, ತಳ್ಳುವುದಂತೂ ಕೂಡದು. ತುದಿಗಾಲಲ್ಲಿ ಕೂತವರು ತಳ್ಳಿದರೆ ಮೂಗು ಮುಂದಾಗಿ ಬೀಳುತ್ತಾರೆ. ಕೈ ತಾಗುವುದೂ ‘ಖೋ’ ಅನ್ನುವುದೂ ಒಟ್ಟಿಗೆ ಆಗಬೇಕು. ಎರಡು ಹೆಜ್ಜೆ ದೂರದಲ್ಲೇ ಕೂಗಿದರೆ ಕೂತವರು ಮುಟ್ಟುವ ಮುಂಚೆಯೇ ಎದ್ದುಬಿಡುತ್ತಾರೆ, ಅದು ಫೌಲ್.

ಓಡುವ ತಂಡವಿಲ್ಲದ ಸರಪಳಿ ಅಭ್ಯಾಸ ಹೀಗೆ. 1, 3, 5ನೇ ಚೌಕದವರು ಎಡಕ್ಕೆ ಮುಖ, 2, 4, 6 ಬಲಕ್ಕೆ. ಏಳನೆಯವರು ಮೊದಲ ಕಂಬದ ಬಳಿ ಬಲಬದಿಯಿಂದ ಹೊರಟು 1ಕ್ಕೆ ಖೋ. ಅವಳು ಎಡಬದಿಗೆ ಎದ್ದು 2ಕ್ಕೆ, ಅವನು ಬಲಬದಿಗೆ ಎದ್ದು 3ಕ್ಕೆ, ಹೀಗೇ 6ರ ತನಕ. ಕೊನೆಯವರು ಆಚೆ ಕಂಬ ಮುಟ್ಟಿದಾಗ ಮುಗಿಯಿತು. ಎಡಬದಿಯಿಂದ ಹೊರಟರೆ 1ನೆಯವರ ಮುಖ ಎದುರಾಗುತ್ತದೆ, ಸರಪಳಿ ಕೂಡುವುದಿಲ್ಲ. ಒಮ್ಮೆ ಬೇಕೆಂತಲೇ ಹಾಗೆ ಹೊರಡಿಸಿ, ಯಾಕೆ ಆಗಲಿಲ್ಲ ಅಂತ ಅವರೇ ಕಂಡುಕೊಳ್ಳಲಿ. ಮೊದಲು ನಡೆದು, ಆಮೇಲೆ ಜಾಗಿಂಗ್, ಕೊನೆಗೆ ಓಟ. ಖೋ ಕೊಟ್ಟವರು ಅದೇ ಚೌಕದಲ್ಲಿ, ಎದ್ದವರು ನೋಡುತ್ತಿದ್ದ ಕಡೆಗೇ ಮುಖ ಮಾಡಿ ಕೂರಬೇಕು. ಇದನ್ನು ಹತ್ತರಲ್ಲಿ ಎಂಟು ಮಕ್ಕಳು ಮರೆಯುತ್ತಾರೆ. ಚೌಕದೊಳಗೆ ಒಂದು ಬಾಣದ ಗುರುತು ಎಳೆದುಬಿಡಿ.

ಗರಡಿಮನೆ_ಹುಡುಗ:

ಸೀಟಿ ಮೇಷ್ಟ್ರೇ, ದಿಕ್ಕಿನ ನಿಯಮ ಐದನೇ ಪಿರಿಯಡ್‌ವರೆಗೆ ಬೇಡ ಅಂದ್ರಲ್ಲ, ನಾನು ಒಪ್ಪಲ್ಲ. ನಾಲ್ಕು ಪಿರಿಯಡ್ ಹಿಂದೆ ಮುಂದೆ ಓಡಾಡಿಸಿಬಿಟ್ರೆ ಅದೇ ಕಾಲಿಗೆ ಕೂತುಬಿಡುತ್ತೆ. ಆಮೇಲೆ ಬಿಡಿಸೋದು ಹೊಸದಾಗಿ ಕಲಿಸೋದಕ್ಕಿಂತ ಕಷ್ಟ. ಮೊದಲ ದಿನದಿಂದಲೇ ‘ಇದು ಒನ್ ವೇ ರಸ್ತೆ, ಕಂಬ ದಾಟೋ ತನಕ ಯೂ ಟರ್ನ್ ಇಲ್ಲ’ ಅಂತ ಹೇಳಿಬಿಡಿ. ಮಕ್ಕಳು ನಾವಂದುಕೊಂಡಷ್ಟು ದಡ್ಡರಲ್ಲ.

ಇನ್ನೊಂದು, ಸೀಟಿ ಜಾಸ್ತಿ ಊದಬೇಡಿ. ಗೆರೆ ತುಳಿದ್ರೆ ಆಟ ನಿಲ್ಲಿಸೋ ಬದಲು ‘ತುಳಿದವರು ತಕ್ಷಣ ಹತ್ತಿರದವರಿಗೆ ಖೋ ಕೊಡಬೇಕು’ ಅಂತ ಮಾಡಿ. ನಿಯಮ ಪುಸ್ತಕದಲ್ಲಿ ಹೀಗಿಲ್ಲ, ಆದ್ರೆ ಆಟ ಹರೀತಾ ಇರುತ್ತೆ.

ಸೀಟಿ_ಮೇಷ್ಟ್ರು:

@ಗರಡಿಮನೆ_ಹುಡುಗ ಫೌಲಿನ ಮಾತು ಸರಿ, ಹಾಗೇ ಮಾಡಬಹುದು. ದಿಕ್ಕಿನ ವಿಷಯದಲ್ಲಿ ಅರ್ಧ ಒಪ್ಪುತ್ತೇನೆ. ಇಬ್ಬರ ಮುಟ್ಟಾಟದಲ್ಲಿ ಆ ನಿಯಮ ಹಾಕಿದರೆ ಆಟವೇ ಸಾಯುತ್ತದೆ, ಖೋ ಕೊಡಲು ಯಾರೂ ಇಲ್ಲದೆ ಹಿಡಿಯುವವನು ಸುಮ್ಮನೆ ಸುತ್ತು ಹೊಡೆಯುತ್ತಾನೆ. ಆದರೆ ಮೂರನೇ ಪಿರಿಯಡ್ಡಿನ ಸರಪಳಿಯಲ್ಲಿ, ನಡೆದುಕೊಂಡು ಹೋಗುವಾಗಲೇ ತರಬಹುದು. ಅಲ್ಲಿ ಎಲ್ಲರೂ ಹೇಗೂ ಒಂದೇ ದಿಕ್ಕಿಗೆ ಹೋಗುತ್ತಾರೆ, ನಿಯಮ ಅಂತ ಗೊತ್ತಾಗದ ಹಾಗೆ ಒಳಗಿಳಿಯುತ್ತದೆ. ಐದು ಅಂದದ್ದನ್ನು ಮೂರು ಅಂತ ತಿದ್ದಿಕೊಳ್ಳಿ ಮೇಡಂ.

ನಲಿಕಲಿ_ಟೀಚರ್:

ಎಲೆ ಪರೀಕ್ಷೆ, ಬಾಣದ ಗುರುತು ಎರಡೂ ಚೆನ್ನಾಗಿವೆ, ಖಂಡಿತ ಮಾಡಿಸುತ್ತೇನೆ. ಇನ್ನೆರಡು ಅನುಮಾನ. ಔಟಾದ ಮಕ್ಕಳು ಮುನಿಸಿಕೊಂಡು ಹೊರಗೆ ಹೋಗಿಬಿಡುತ್ತಾರೆ, ನಿಧಾನದ ಮಕ್ಕಳಂತೂ ಹತ್ತು ಸೆಕೆಂಡಿಗೇ ಔಟ್. ಇನ್ನೊಂದು, ಓಡುವವರಿಗೆ ಏನು ಕಲಿಸಬೇಕು? ಈಗ ಎಲ್ಲರೂ ನೇರ ಓಡಿ ಅಂಕಣದಿಂದಲೇ ಹೊರಗೆ ಹೋಗುತ್ತಾರೆ.

ಬಯಲು_ಮೇಡಂ:

ಔಟಾದವರನ್ನು ಹೊರಗೆ ಕಳಿಸಬೇಡಿ. ಅಂಕ ಎಣಿಸಿ, ಅದೇ ಮಗು ಮತ್ತೆ ಓಡಲಿ. ಒಂದು ನಿಮಿಷದೊಳಗೆ ಎಷ್ಟು ಸಲ ಮುಟ್ಟಿದರು ಅನ್ನುವುದೇ ಹಿಡಿಯುವ ತಂಡದ ಅಂಕ. ಹೊರಗೆ ಕಳಿಸುವ ಆಟದಲ್ಲಿ ಅಭ್ಯಾಸ ಬೇಕಾದವರೇ ಅತಿ ಕಡಿಮೆ ಓಡುತ್ತಾರೆ, ಚುರುಕಿನವರು ಇನ್ನೂ ಚುರುಕಾಗುತ್ತಾರೆ. ಚುರುಕಿನವರೇ ಹಿಡಿಯುವುದನ್ನು ತಡೆಯಲು ‘ಒಬ್ಬರು ಖೋ ಕೊಡದೆ ಹತ್ತು ಎಣಿಸುವ ತನಕ ಮಾತ್ರ ಓಡಬಹುದು’ ಅಂತ ಇಡಿ, ಎಣಿಸುವುದು ಕಾಯುತ್ತಿರುವವರ ಕೆಲಸ. ತಂಡ ಮಾಡುವಾಗ ಇಬ್ಬರು ನಾಯಕರನ್ನು ನಿಲ್ಲಿಸಿ ಒಬ್ಬೊಬ್ಬರನ್ನೇ ಆರಿಸಿಕೊಳ್ಳುವ ಪದ್ಧತಿ ಬಿಡಿ, ಕೊನೆಗೆ ಉಳಿಯುವ ಮಗು ಪ್ರತಿ ವಾರ ಅದೇ ಆಗಿರುತ್ತದೆ. ಹಾಜರಿ ಪುಸ್ತಕದ ಕ್ರಮದಲ್ಲಿ ನೀವೇ ಹಂಚಿ.

ಓಡುವವರಿಗೆ ಈ ಹಂತದಲ್ಲಿ ಎರಡೇ ಕೌಶಲ ಸಾಕು. ಒಂದು, ಸಿಂಗಲ್ ಚೈನ್: ಕೂತವರ ನಡುವೆ ಒಬ್ಬೊಬ್ಬರನ್ನೇ ಬಿಟ್ಟು ಹಾವಿನ ಹಾಗೆ ಆಚೆ ಈಚೆ ನುಸುಳುತ್ತಾ ಹೋಗುವುದು. ಚಪ್ಪಲಿಗಳನ್ನು ಎರಡೆರಡು ಮೀಟರಿಗೆ ಇಟ್ಟು ಮೊದಲು ಖಾಲಿ ಅಂಕಣದಲ್ಲಿ, ಆಮೇಲೆ ಕೂತ ಮಕ್ಕಳ ನಡುವೆ. ಡಬಲ್ ಚೈನ್, ರಿಂಗ್ ಮೊದಲಾದ ಬೇರೆ ಓಟದ ವಿಧಾನಗಳು ಈಗ ಬೇಡ. ಎರಡು, ತಟ್ಟನೆ ತಿರುಗುವುದು: ಬಲಕ್ಕೆ ತಿರುಗಬೇಕಾದರೆ ಎಡಗಾಲನ್ನು ಅಗಲಕ್ಕೆ ಊರಿ, ಮಂಡಿ ಬಗ್ಗಿಸಿ, ನೆಲವನ್ನು ಒದ್ದು ಹೊರಡಬೇಕು. ಮಕ್ಕಳು ಎರಡೂ ಕಾಲು ಜೋಡಿಸಿ, ನೆಟ್ಟಗೆ ನಿಂತು ತಿರುಗಲು ಹೋಗಿ ಜಾರುತ್ತಾರೆ. ಮಂಡಿ ಬಗ್ಗಿದೆಯಾ ಅಂತ ಮಾತ್ರ ನೋಡಿ, ಮಿಕ್ಕದ್ದು ಸರಿಹೋಗುತ್ತದೆ. ಕಣ್ಣು ಹಿಡಿಯುವವರ ಭುಜದ ಮೇಲಿರಬೇಕು, ಭುಜ ತಿರುಗಿದ ಕಡೆಗೆ ಅವರು ಹೊರಡುತ್ತಾರೆ. ಕತ್ತು ಪೂರ್ತಿ ಹಿಂದಕ್ಕೆ ಹೊರಳಿಸಿ ಓಡಿದರೆ ಕೂತವರ ಮೇಲೆ ಬೀಳುವುದು ಖಂಡಿತ, ಆದ್ದರಿಂದ ಮೈಯನ್ನು ಸ್ವಲ್ಪ ಅಡ್ಡ ತಿರುಗಿಸಿಕೊಂಡು ಓಡುವುದು ಕಲಿಸಿ.

ಆಟಕ್ಕೆ ಮುಂಚೆ ಮಕ್ಕಳನ್ನು ಒಂದೇ ಸಾಲಲ್ಲಿ ಕೈಕೈ ಅಂತರಕ್ಕೆ ನಿಲ್ಲಿಸಿ ಅಂಗಳದ ಈ ತುದಿಯಿಂದ ಆ ತುದಿಗೆ ನಡೆಸಿ, ಕಲ್ಲು, ಮುಳ್ಳು, ಗಾಜಿನ ಚೂರು ತೋರಿಸಲಿ, ಗಾಜು ನೀವೇ ಎತ್ತಿ. ಗಾಜಿನ ಬಳೆ, ಕಾಲ್ಗೆಜ್ಜೆ ತೆಗೆಸಿ, ಉಗುರು ನೋಡಿ. ಚಪ್ಪಲಿಯಲ್ಲಿ ಓಡಿಸಬೇಡಿ. ಶಾಲೆಯ ಶೂ ಅಡಿ ಸವೆದಿದ್ದರೆ ಬರಿಗಾಲೇ ಮೇಲು. ಬಿಸಿಯೂಟ ಆದ ಕೂಡಲೇ ಆಟದ ಪಿರಿಯಡ್ ಬಿದ್ದರೆ ಆವತ್ತು ಕೂರುವ ಭಂಗಿ, ನಡೆದುಕೊಂಡು ಮಾಡುವ ಸರಪಳಿ ಇಷ್ಟೇ ಇಟ್ಟುಕೊಳ್ಳಿ.

40 ನಿಮಿಷದ ಹಂಚಿಕೆ ಕೇಳುವ ಮುಂಚೆ ಹೇಳಿಬಿಡುತ್ತೇನೆ: ಸಾಲು ಮತ್ತು ನೆಲ ನೋಡುವುದು 5, ಮೈ ಬಿಸಿ ಮಾಡುವುದು 6, ಒಂದೇ ಒಂದು ಕೌಶಲ 10, ಆಟ 15, ನೀರು ಮತ್ತು ಮಾತು 4. ಆಟದ 15ರಲ್ಲಿ ಮೂರು ನಿಮಿಷದ ನಾಲ್ಕು ಸರದಿ, ಬದಲಾಗಲು ನಡುವೆ ಒಂದೊಂದು ನಿಮಿಷ. ಎರಡು ತಂಡಕ್ಕೂ ಎರಡೆರಡು ಸಲ ಹಿಡಿಯುವ ಅವಕಾಶ ಸಿಗುತ್ತದೆ.

ನಲಿಕಲಿ_ಟೀಚರ್:

ಧನ್ಯವಾದ ಮೇಡಂ. 2025ರ ಜನವರಿಯ ವಿಶ್ವಕಪ್ ವಿಡಿಯೋ ತರಗತಿಯಲ್ಲಿ ತೋರಿಸಿದ್ದೆವು, ಆವತ್ತಿಂದ ಹುಡುಗರು ಹಾರಿ ಬಿದ್ದು ಮುಟ್ಟುತ್ತೇವೆ ಅಂತ ಹಟ ಹಿಡಿದಿದ್ದಾರೆ. ‘ವಜೀರ್’ ಬೇಕು ಅಂತಲೂ ಕೇಳುತ್ತಾರೆ. ಕಂಬದ ವಿಷಯವನ್ನೂ ಹೇಳಿ. ಗೆರೆಗೆ ಸುಣ್ಣದ ಪುಡಿ ತಂದಿಟ್ಟಿದ್ದೇವೆ, ಸಾಕಲ್ಲವೇ?

ಎಂಟು_ಚೌಕ:

ವಿಡಿಯೋ ತೋರಿಸಿದ್ದು ಒಳ್ಳೆಯದೇ. ಭಾರತದ ಎರಡೂ ತಂಡ ನೇಪಾಳವನ್ನು ಸೋಲಿಸಿ ಗೆದ್ದ ಆಟ, ನಮ್ಮ ರಾಜ್ಯದವರೂ ಆಡಿದ್ದಾರೆ, ಮಕ್ಕಳಿಗೆ ಹುಮ್ಮಸ್ಸು ಬಂದೇ ಬರುತ್ತದೆ. ಆದರೆ ಅಲ್ಲಿ ಹಾರುವುದು ಮ್ಯಾಟ್ ಮೇಲೆ. ನಿಮ್ಮ ನೆಲದಲ್ಲಿ ಹಾರಿದರೆ ಮೊದಲು ನೆಲಕ್ಕೆ ತಾಗುವುದು ಗಲ್ಲ ಮತ್ತು ಅಂಗೈ. ಮೈ ಚಾಚಿ ಮುಟ್ಟುವುದನ್ನು ಬೇಕಾದರೆ ಕಲಿಸಿ: ಓಡುತ್ತಾ ಒಂದು ದೊಡ್ಡ ಹೆಜ್ಜೆ, ಮಂಡಿ ಬಗ್ಗಿಸಿ, ಕೈ ಮುಂದಕ್ಕೆ, ಪಾದ ನೆಲ ಬಿಡಬಾರದು. ಡೈವ್ ಅನ್ನು ಹಿರಿಯ ಪ್ರಾಥಮಿಕಕ್ಕೆ ಹೋದ ಮೇಲೆ, ಮರಳಿನ ಗುಂಡಿಯಲ್ಲಿ, ತಿಳಿದವರು ಕಲಿಸಲಿ. ವಜೀರ್ ಅಂದರೆ 2022ರಲ್ಲಿ ಶುರುವಾದ ಅಲ್ಟಿಮೇಟ್ ಖೋ ಖೋ ಲೀಗಿನೊಂದಿಗೆ ಬಂದ ವಿಶೇಷ ಹಿಡಿಯುವವನು, ಅವನು ಯಾವ ದಿಕ್ಕಿಗೆ ಬೇಕಾದರೂ ತಿರುಗಬಹುದು. ದಿಕ್ಕಿನ ನಿಯಮ ಇನ್ನೂ ಕೂರದ ಮಕ್ಕಳಿಗೆ ಅದನ್ನು ಕೊಟ್ಟರೆ ಎಲ್ಲರೂ ವಜೀರರೇ.

ಮೊದಲ ಆರು ಪಿರಿಯಡ್‌ಗೆ ಕಂಬ ಬೇಡ, ಖಾಲಿ 20 ಲೀಟರ್ ನೀರಿನ ಕ್ಯಾನ್ ಸಾಕು. ಆಮೇಲೆ ಒಂದು ಅಂಕಣಕ್ಕೆ ಎರಡು ಕಂಬ ಹಾಕಿಸಿ. ಸರ್ವೆ ಕಂಬ, ಅಡ್ಡಗಲ 9–10 ಸೆಂ.ಮೀ., ಸಿಪ್ಪೆ ಪೂರ್ತಿ ತೆಗೆದು ಉಪ್ಪುಕಾಗದದಲ್ಲಿ ಉಜ್ಜಿರಬೇಕು, ಮೇಲ್ತುದಿಯ ಅಂಚು ಗುಂಡಗಿರಬೇಕು. ನೆಲದ ಮೇಲೆ 120 ಸೆಂ.ಮೀ., ಒಳಗೆ 45. ನೇರ ಹೂಳಬೇಡಿ, ಪ್ರಾರ್ಥನೆ ಹೊತ್ತಿಗೆ ಯಾರಾದರೂ ಡಿಕ್ಕಿ ಹೊಡೆಯುತ್ತಾರೆ. 110 ಎಂ.ಎಂ. ಪಿವಿಸಿ ಪೈಪಿನ 45 ಸೆಂ.ಮೀ. ತುಂಡನ್ನು ನೆಲದ ಮಟ್ಟಕ್ಕೆ ಹೂಳಿ, ಕಂಬವನ್ನು ಅದರೊಳಗೆ ಇಳಿಸಿ, ಅಲುಗಾಡಿದರೆ ಮರದ ಬೆಣೆ ಹೊಡೆಯಿರಿ. ಆಟ ಮುಗಿದ ಮೇಲೆ ಕಂಬ ತೆಗೆದು ಪೈಪಿಗೆ ಮುಚ್ಚಳ ಹಾಕಿ, ಇಲ್ಲದಿದ್ದರೆ ಕಾಲು ಸಿಕ್ಕಿಕೊಳ್ಳುವ ತೂತು ಅದು. ಕಂಬ ಬಂದ ಮೊದಲ ದಿನ ನಡೆದುಕೊಂಡೇ ತಿರುಗಿಸಿ: ಕಂಬದ ಕಡೆಯ ಕೈಯಲ್ಲಿ ಹಿಡಿದು, ಮೈ ಹೊರಕ್ಕೆ ವಾಲಿಸಿ, ಚಿಕ್ಕ ಹೆಜ್ಜೆ.

ಸುಣ್ಣದ ಪುಡಿ ಬೇಡವೇ ಬೇಡ. ಖೋ ಖೋದಲ್ಲಿ ಮಕ್ಕಳ ಮುಖ ಗೆರೆಯಿಂದ ಎರಡಡಿ ಮೇಲಿರುತ್ತದೆ, ಬೆರಳು ಗೆರೆಯ ಮೇಲೇ ಇರುತ್ತದೆ, ಅದೇ ಬೆರಳಲ್ಲಿ ಕಣ್ಣುಜ್ಜಿಕೊಳ್ಳುತ್ತಾರೆ. ಸುಣ್ಣ ಕಣ್ಣನ್ನು ಸುಡುತ್ತದೆ. ಬಿದ್ದರೆ ಉಜ್ಜದೆ ಧಾರಾಳ ನೀರಲ್ಲಿ ತುಂಬ ಹೊತ್ತು ತೊಳೆದು, ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ರಂಗೋಲಿ ಪುಡಿ ತನ್ನಿ. ಇಲ್ಲವೇ ಹಿಂದಿನ ಸಂಜೆ ನೀರು ಚಿಮುಕಿಸಿ, ದಾರ ಕಟ್ಟಿ, ಮೊಂಡು ಕೋಲಿನಲ್ಲಿ ಅರ್ಧ ಬೆರಳಿನ ಆಳಕ್ಕೆ ಗೀರಿಸಿ. ಒಣಗಿದ ಮೇಲೆ ಎರಡು ಪಿರಿಯಡ್ ತನಕ ಗೆರೆ ಅಳಿಯುವುದಿಲ್ಲ.